ಬರಾಫುವಿನಿಂದ ಮೇಲಕ್ಕೆ

ಎಲಿನಾಜಳಿಗೆ ಕೂತಲ್ಲಿ ಕೂರುವ ಅಭ್ಯಾಸವೇ ಇರಲಿಲ್ಲ. ಅಡುಗೆ ಟೆಂಟಿನಲ್ಲಿ ಸಾರು ಒಂದು ಕುದಿ ಬರುವುದರೊಳಗೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದು, ಸೌತೆಕಾಯಿ ಹೆಚ್ಚಿ, ಎರಡು ಸಲ ಹೊರಗೆ ಹೋಗಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿಕೊಂಡು ಬರುತ್ತಿದ್ದಳು. "ಐಕಾಂಡೆ ಅವ್ವ, ನಿನ್ನ ಕಾಲಿಗೆ ಯಾರಾದ್ರೂ ಕೀಲಿ ಕೊಟ್ಟು ಬಿಟ್ಟವ್ರಾ?" ಎಂದು ಹೊರೆಯಾಳುಗಳು ರೇಗಿಸುತ್ತಿದ್ದರು. ಮಗಳು ಐಕಾಂಡೆ ಹುಟ್ಟಿದ ಮೇಲೆ ಅವಳನ್ನು ಹೆಸರು ಹಿಡಿದು ಕರೆದವರು ಕಡಿಮೆ.

ಗಂಡ ಲಾರಿ ಓಡಿಸಲು ದಾರ್ ಎಸ್ ಸಲಾಮಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಆಗ ಎಲಿನಾಜಳಿಗೆ ಮೂವತ್ತೆರಡು. ಮಗಳನ್ನು ತಾಯಿಯ ಹತ್ತಿರ ಬಿಟ್ಟು, ಬೆಟ್ಟದ ಚಾರಣ ಶುರುವಾಗುವ ಮಚಾಮೆ ಗೇಟಿನ ಮುಂದೆ ಹೊರೆ ಹೊರುವ ಕೆಲಸಕ್ಕೆ ಕಾಯುವ ಗಂಡಸರ ಸಾಲಿನಲ್ಲಿ ಹೋಗಿ ನಿಂತಳು. "ಇದು ಬಾಳೆಗೊನೆ ಹೊತ್ತು ಸಂತೆಗೆ ಹೋದಂಗಲ್ಲಮ್ಮ" ಎಂದು ನಕ್ಕರು. ಮೊದಲ ಸಲ ತಲೆಯ ಮೇಲೆ ಹೊರಿಸಿದ್ದು ಮೊಟ್ಟೆಯ ತಟ್ಟೆಗಳನ್ನು. ಗೋಡೆಯಂಥ ಬರಾಂಕೋ ಬಂಡೆಯನ್ನು ಹತ್ತಿ ಇಳಿದರೂ ಒಂದು ಮೊಟ್ಟೆಯೂ ಒಡೆಯಲಿಲ್ಲ. ಆ ಚಾರಣದ ಹಿರಿಯ ಗೈಡ್ ಕಿಲೆವೊ ಆಗಲೇ ಅವಳನ್ನು ಗುರುತಿಟ್ಟುಕೊಂಡಿದ್ದ. ಆರು ವರ್ಷ ಹೊರೆ ಹೊತ್ತ ಮೇಲೆ ಅವನೇ ಅವಳನ್ನು ತನ್ನ ತಂಡದ ಅಡುಗೆಯವಳನ್ನಾಗಿ ಮಾಡಿಕೊಂಡ.

ಒಟ್ಟು ಹದಿನಾಲ್ಕು ವರ್ಷ. ಕಿಬೋ ಶಿಖರದ ಬುಡದಲ್ಲಿರುವ ಕೊನೆಯ ಶಿಬಿರ ಬರಾಫುವಿಗೆ ಅವಳು ಎಷ್ಟು ಸಲ ಹತ್ತಿದ್ದಳೋ ಲೆಕ್ಕವಿಲ್ಲ. ಅಲ್ಲಿಂದ ಮೇಲಕ್ಕೆ ಮಾತ್ರ ಒಂದು ಹೆಜ್ಜೆ ಇಟ್ಟವಳಲ್ಲ. ಅತಿಥಿಗಳು ಗೈಡುಗಳ ಜೊತೆ ನಡುರಾತ್ರಿ ಹೊರಟು, ಬೆಳಗ್ಗೆ ಶಿಖರ ಮುಟ್ಟಿ, ಹತ್ತು ಹನ್ನೊಂದರ ಹೊತ್ತಿಗೆ ಇಳಿದು ಬರುತ್ತಾರೆ. ಅಷ್ಟರಲ್ಲಿ ಅವರಿಗೆ ಬಿಸಿ ಅಡುಗೆ ಸಿದ್ಧವಾಗಿರಬೇಕು. "ಮೇಲೆ ನೋಡೋ ಆಸೆ ಇಲ್ವಾ?" ಎಂದು ಯಾರಾದರೂ ಕೇಳಿದರೆ, "ಅಲ್ಲೇನು ಒಲೆ ಇದ್ಯಾ?" ಎನ್ನುತ್ತಿದ್ದಳು.

ಅಡುಗೆಯವಳಿಗೆ ಇನ್ನೊಂದು ಕೆಲಸವೂ ಇತ್ತು. ಊಟದ ಟೆಂಟಿನಿಂದ ವಾಪಸು ಬಂದ ತಟ್ಟೆಗಳನ್ನು ನೋಡಿ, ಯಾರು ಎಷ್ಟು ಬಿಟ್ಟಿದ್ದಾರೆ ಎಂದು ಹಿರಿಯ ಗೈಡಿಗೆ ಹೇಳುವುದು. ಎತ್ತರ ಒಗ್ಗದವರಿಗೆ ಮೊದಲು ಕೈಕೊಡುವುದು ಹಸಿವು. ಬೆರಳಿಗೆ ಕ್ಲಿಪ್ಪು ಹಾಕಿ ಉಸಿರಿನ ಲೆಕ್ಕ ನೋಡುವ ಯಂತ್ರಕ್ಕಿಂತ ಎಲಿನಾಜಳ ತಟ್ಟೆಯನ್ನೇ ಕಿಲೆವೊ ಹೆಚ್ಚು ನಂಬುತ್ತಿದ್ದ.

ಆ ವರ್ಷ ಐಕಾಂಡೆಗೆ ಗೈಡ್ ಪರವಾನಗಿ ಬಂತು. ಇಪ್ಪತ್ನಾಲ್ಕು ವರ್ಷದ ಹುಡುಗಿ. ಪರೀಕ್ಷೆಗೆಂದು ಎರಡು ತಿಂಗಳು ಮೋಶಿ ಪೇಟೆಯಲ್ಲೇ ಕೂತು ಓದಿ ಪಾಸಾಗಿದ್ದಳು. ಮೊದಲ ಚಾರಣಕ್ಕೆ ಕಂಪನಿಯವರು ಅವಳನ್ನು ಹಾಕಿದ್ದು ಕಿಲೆವೊನ ಕೈಕೆಳಗೇ. ಅತಿಥಿಗಳು ನಾಲ್ಕೇ ಜನ.

ಗೇಟಿನಲ್ಲಿ ಹೊರೆ ತೂಗುತ್ತಿರುವಾಗ ಮಗಳು ಅವ್ವನನ್ನು ಪಕ್ಕಕ್ಕೆ ಕರೆದಳು. "ನೋಡವ್ವ, ಮೇಲೆ ನಾನು ನಿನ್ನ ಮಗಳಲ್ಲ. ಎಲ್ಲರ ಮುಂದೆ ಪುಟ್ಟಿ ಗಿಟ್ಟಿ ಅಂದ್ಯೋ, ನಾನು ಮಾತೇ ಆಡಲ್ಲ."

"ಮತ್ತೇನಂತ ಕರೀಲಿ? ದೊರೆಸಾನಿ ಅನ್ಲಾ?"

"ಗೈಡ್ ಅನ್ನು. ಸಾಕು."

"ಆಯ್ತು ಗೈಡಮ್ಮ. ಕಾಲುಚೀಲ ಎಷ್ಟು ಜೊತೆ ಇಟ್ಕೊಂಡಿದೀಯ?"

ಮೊದಲೆರಡು ದಿನ ಎಲಿನಾಜಳಿಗೆ ಹಿಗ್ಗೇ ಹಿಗ್ಗು. ಮಗಳು ಅತಿಥಿಗಳ ಮುಂದೆ ಕೋಲೂರಿಕೊಂಡು ನಿಧಾನವಾಗಿ ನಡೆಯುವುದನ್ನು ಹಿಂದಿನಿಂದ ನೋಡುವುದಕ್ಕೆಂದೇ ಅವಳು ಶಿಬಿರದಿಂದ ತಡವಾಗಿ ಹೊರಡುತ್ತಿದ್ದಳು. ಆಮೇಲೆ ಬಿರುಸಾಗಿ ನಡೆದು ಅವರನ್ನು ದಾಟಿ, ಮುಂದಿನ ಶಿಬಿರದಲ್ಲಿ ಒಲೆ ಹೊತ್ತಿಸುತ್ತಿದ್ದಳು. ಮೂರನೆಯ ದಿನ ಬರಾಂಕೋ ಶಿಬಿರದಲ್ಲಿ ಐಕಾಂಡೆಯ ತಟ್ಟೆ ಅರ್ಧ ತುಂಬಿಯೇ ವಾಪಸು ಬಂತು. ದಣಿವಿರಬೇಕು ಅಂದುಕೊಂಡಳು. ಮಾರನೆಯ ದಿನ ಕರಂಗಾ ಶಿಬಿರದಲ್ಲಿ ಬಾಳೆಕಾಯಿ ಹಾಕಿ ಬೇಯಿಸಿದ ಮಾಂಸದ ಸಾರು, ಐಕಾಂಡೆ ಚಿಕ್ಕಂದಿನಿಂದ ಬಟ್ಟಲು ನೆಕ್ಕುತ್ತಿದ್ದ ಸಾರು, ಮುಟ್ಟದೆ ಹಾಗೇ ಬಂತು.

"ಯಾಕೆ ಉಣ್ಣಲಿಲ್ಲ?"

"ಹಸಿವಿಲ್ಲ."

"ತಲೆ ನೋಯ್ತಾ ಇದ್ಯಾ?"

"ಅವ್ವ, ಶುರು ಮಾಡ್ಬೇಡ." ಐಕಾಂಡೆ ಸುತ್ತ ನೋಡಿ ದನಿ ತಗ್ಗಿಸಿದಳು. "ಕಿಲೆವೊ ಕಿವಿಗೆ ಬಿದ್ರೆ ನನ್ನ ಇಲ್ಲಿಂದಲೇ ಇಳಿಸಿಬಿಡ್ತಾನೆ. ಮೊದಲನೇ ಚಾರಣದಲ್ಲೇ ವಾಪಸು ಬಂದ ಗೈಡನ್ನ ಇನ್ಯಾರು ಕರೀತಾರೆ? ಎರಡು ದಿನ ಬಾಯಿ ಮುಚ್ಕೊಂಡಿರು, ನಿನ್ನ ಕಾಲಿಗೆ ಬೀಳ್ತೀನಿ."

ಸಂಜೆ ಕಿಲೆವೊ ಎಂದಿನಂತೆ ಟೆಂಟಿನೊಳಗೆ ಇಣುಕಿದ. "ತಟ್ಟೆ ಏನಂತವೆ ಅವ್ವ?"

"ಆ ದಪ್ಪ ಕನ್ನಡಕದ ಹೆಂಗಸು ಬ್ರೆಡ್ಡು ಬಿಟ್ಟವ್ಳೆ. ಉಳಿದ ಗೆಸ್ಟುಗಳು ಚೆನ್ನಾಗಿ ತಿಂದವ್ರೆ."

"ನಮ್ಮೋರು?"

"ನಮ್ಮೋರಿಗೇನು, ಕಲ್ಲು ಕೊಟ್ರೂ ಅರಗಿಸ್ಕೋತಾರೆ" ಎಂದಳು. ಹೇಳಿದ ಮೇಲೆ ಒಲೆಯ ಹತ್ತಿರ ನಿಲ್ಲಲಾಗಲಿಲ್ಲ. ನೀರು ತರುವುದು ಅವಳ ಕೆಲಸವಲ್ಲದಿದ್ದರೂ ಕ್ಯಾನು ಹಿಡಿದು ತೊರೆಯವರೆಗೆ ಇಳಿದಳು. ತುಂಬಿಸಿಕೊಂಡು ಬಂದು, ಮತ್ತೆ ಇಳಿದಳು.

ಮಾರನೆಯ ದಿನ ನಡುರಾತ್ರಿ ಬರಾಫುವಿನಿಂದ ತಂಡ ಶಿಖರಕ್ಕೆ ಹೊರಟಾಗ ಐಕಾಂಡೆ ಕೊನೆಯಲ್ಲಿದ್ದಳು. ಎಲಿನಾಜ ಅವಳ ಕೈಗವಸು ಎಳೆದು ಸರಿಮಾಡುವ ನೆಪದಲ್ಲಿ ಕೈ ಹಿಡಿದಳು. ಮಗಳು ಕೊಸರಿಕೊಂಡು ನಡೆದಳು. ಅಲ್ಲಿಂದಾಚೆ ಎಲಿನಾಜ ಮಲಗಿದ್ದೂ ಇಲ್ಲ, ಕೂತಿದ್ದೂ ಇಲ್ಲ. ಬೆಳಕು ಹರಿಯುವಷ್ಟರಲ್ಲಿ ಸಾರು ಎರಡು ಸಲ ಬಿಸಿಯಾಗಿ ಎರಡು ಸಲ ಆರಿತ್ತು. ಬಿಸಿಲೇರಿತು. ಬೇರೆ ತಂಡದವರು ಒಬ್ಬೊಬ್ಬರಾಗಿ ಇಳಿದು ಬರತೊಡಗಿದರು. ದೂಳು ಮೆತ್ತಿದ ಮುಖಗಳಲ್ಲಿ ಗುರುತಿನವರನ್ನು ಹುಡುಕುತ್ತ ಅವಳು ಟೆಂಟಿಗೂ ದಾರಿಗೂ ಓಡಾಡಿದಳು.

ಹತ್ತೂವರೆಗೆ ಕಿಲೆವೊ ಕಾಣಿಸಿದ. ಕನ್ನಡಕದ ಹೆಂಗಸು ಅವನ ಭುಜಕ್ಕೆ ಜೋತುಬಿದ್ದಿದ್ದಳು, ಹಿಂದೆ ಇನ್ನಿಬ್ಬರು. ಅಷ್ಟೇ.

"ನನ್ನ ಮಗಳೆಲ್ಲಿ?"

"ಬರ್ತಾ ಅವ್ಳೆ. ಆ ಪೋಲೆಂಡಿನವನಿಲ್ವಾ, ವಿಟೋಲ್ಡ್, ಅವನ ಮಂಡಿ ಹಿಡ್ಕೊಂತು. ಈ ಕನ್ನಡಕದವಳು ಬೇರೆ ವಾಂತಿ ಮಾಡ್ಕೊಂಡ್ಲು. ಅದಕ್ಕೆ ನಾನು ಇವರನ್ನ ಕರ್ಕೊಂಡು ಮುಂದೆ ಬಂದೆ. ಅವರಿಬ್ಬರೂ ನಿಧಾನಕ್ಕೆ ಇಳೀತಾವ್ರೆ."

"ಅವಳು ಉಂಡು ಎರಡು ದಿನ ಆಯ್ತು."

ಕಿಲೆವೊ ಹೆಂಗಸನ್ನು ಕುರ್ಚಿಯ ಮೇಲೆ ಕೂರಿಸುತ್ತಿದ್ದವನು ತಲೆಯೆತ್ತಿದ. "ಏನಂದೆ?"

"ಕರಂಗಾದಲ್ಲಿ ಸಾರು ಮುಟ್ಟಲಿಲ್ಲ. ಅದಕ್ಕೆ ಮುಂಚೆ ಬರಾಂಕೋದಲ್ಲೂ ಅರ್ಧ ಬಿಟ್ಟಿದ್ಲು."

"ಈಗ ಹೇಳ್ತಿದೀಯಾ? ಹದಿನಾಲ್ಕು ವರ್ಷದಲ್ಲಿ ಇದೊಂದನ್ನ ಈಗ ಹೇಳ್ತಿದೀಯಾ?"

ಅವಳು ಶುಂಠಿ ಚಹಾದ ಫ್ಲಾಸ್ಕನ್ನು ಕಂಕುಳಿಗೆ ಇಟ್ಟುಕೊಂಡು ಆಗಲೇ ದಾರಿ ಹಿಡಿದಿದ್ದಳು. "ನಿಲ್ಲು, ಆಕ್ಸಿಜನ್ ತಗೊಂಡು ನಾನೂ ಬರ್ತೀನಿ!" ಎಂದು ಕಿಲೆವೊ ಕೂಗಿದ್ದು ಕೇಳಿಸಿತು. ನಿಲ್ಲಲಿಲ್ಲ.

ಸಡಿಲು ಕಲ್ಲುಪುಡಿಯಲ್ಲಿ ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಜಾರುತ್ತಿತ್ತು. ಇಳಿದು ಬರುತ್ತಿದ್ದ ಪರಿಚಯದ ಗೈಡೊಬ್ಬ, "ಅವ್ವ, ನೀನು ಇಲ್ಲಿ?" ಎಂದು ನಿಂತ. ಅವಳು ಕೈಯಲ್ಲೇ ಮೇಲೆ ತೋರಿಸಿ ನಡೆದಳು. ಕಿಲೆವೊ ಸಂಜೆ ತಟ್ಟೆ ಕೇಳಿದ ಆ ಗಳಿಗೆಯೇ ಕಣ್ಣ ಮುಂದೆ ನಿಂತಿತು. ಅವಳು ಗಾಳಿಗೆ ಬೈದಂತೆ ತನಗೆ ತಾನೇ ಬೈದುಕೊಂಡಳು. ಬೇರೆಯವರ ಮಕ್ಕಳಾಗಿದ್ದರೆ ಒಂದು ತುತ್ತು ಬಿಟ್ಟರೂ ಬಾಯಿಬಿಡುತ್ತಿದ್ದೆನಲ್ಲ.

ಮಧ್ಯಾಹ್ನದ ಹೊತ್ತಿಗೆ ಮಂಜು ಕವಿಯುವ ಮುಂಚೆ ಅವರಿಬ್ಬರೂ ಕಂಡರು. ಮಂಡಿ ನೋವಿನವನು, ಭಾರಿ ಎತ್ತರದ ವಿಟೋಲ್ಡ್, ಕುಂಟುತ್ತಾ ಬರುತ್ತಿದ್ದ. ಆದರೆ ಅವನನ್ನು ಐಕಾಂಡೆ ಹಿಡಿದಿರಲಿಲ್ಲ. ಅವನೇ ಅವಳ ಸೊಂಟಕ್ಕೆ ಕೈಹಾಕಿ ಎತ್ತಿಕೊಂಡಂತೆ ನಡೆಸುತ್ತಿದ್ದ. ಅವಳ ಬೆನ್ನುಚೀಲ ಅವನ ಎದೆಯ ಮೇಲಿತ್ತು. ಐಕಾಂಡೆಯ ಕಾಲು ಕುಡಿದವರ ಕಾಲಿನಂತೆ ಒಂದರ ಮೇಲೊಂದು ಬೀಳುತ್ತಿತ್ತು.

"ಪುಟ್ಟಿ!" ಎಂದು ಎಲಿನಾಜ ಕೂಗಿದಳು.

ಐಕಾಂಡೆ ಮುಖವೆತ್ತಿ, "ಅವ್ವ, ಗೇಟು ಬಂತಾ?" ಎಂದಳು.

ಗೇಟು ಇನ್ನೂ ಒಂದು ದಿನದ ದಾರಿ. ಎಲಿನಾಜಳ ಕೈಯಿಂದ ಫ್ಲಾಸ್ಕು ಜಾರಿ ಇಳಿಜಾರಿನಲ್ಲಿ ಉರುಳಿಹೋಯಿತು. ಅದರ ಕಡೆ ನೋಡದೆ ಮಗಳ ಇನ್ನೊಂದು ತೋಳನ್ನು ತನ್ನ ಕುತ್ತಿಗೆಗೆ ಹಾಕಿಕೊಂಡಳು. ವಿಟೋಲ್ಡನಿಗೆ ಇವಳ ಭಾಷೆ ಬಾರದು, ಇವಳಿಗೆ ಅವನದು. ಅವನು ಬಾಯಲ್ಲಿ ಎಣಿಸಿದ, ಅವಳು ಹೆಜ್ಜೆ ಹಾಕಿದಳು. ಅರ್ಧ ದಾರಿಯಲ್ಲಿ ಕಿಲೆವೊ ಎದುರಾದ. ಐಕಾಂಡೆಯ ಮೂಗಿಗೆ ಆಕ್ಸಿಜನ್ ಹಚ್ಚಿ, "ಬರಾಫುವಿನಲ್ಲಿ ನಿಲ್ಲೋ ಹಾಗಿಲ್ಲ. ಸೀದಾ ಕೆಳಕ್ಕೆ" ಎಂದ.

ನಾಲ್ಕು ಜನ ಹೊರೆಯಾಳುಗಳು ಅವಳನ್ನು ಒಂದೇ ಚಕ್ರದ ಡೋಲಿಗೆ ಕಟ್ಟಿ ಓಡಿದರು. ಪಕ್ಕದಲ್ಲೇ ಅವ್ವ ಓಡಿದಳು. ಕುರುಚಲು ಗಿಡ ಕಾಣಿಸಿಕೊಳ್ಳುವ ಹೊತ್ತಿಗೆ ಐಕಾಂಡೆಯ ಮಾತು ನೆಟ್ಟಗಾಯಿತು. ಮ್ವೇಕಾ ಶಿಬಿರದ ಮರಗಳ ನಡುವೆ ಡೋಲಿ ಇಳಿಸಿದಾಗ ನೀರು ಕೇಳಿದಳು, ಆಮೇಲೆ ವಿಟೋಲ್ಡ್ ಎಲ್ಲಿ ಎಂದು ಕೇಳಿದಳು. ಅವನು ಹಿಂದೆ ಬರುತ್ತಿದ್ದಾನೆ ಎಂದ ಮೇಲೆ ಅವ್ವನ ಕಡೆ ತಿರುಗಿದಳು.

"ನಿನಗೆ ಗೊತ್ತಿತ್ತು ಅಲ್ವಾ?"

"ಗೊತ್ತಿತ್ತು."

"ಕಿಲೆವೊಗೆ ಹೇಳ್ಬೇಕಿತ್ತು."

"ಯಾರೇ ಕಾಲಿಗೆ ಬೀಳ್ತೀನಿ ಅಂದೋಳು? ಹೇಳಿದ್ರೆ ನೀನು ಈ ಜನ್ಮದಲ್ಲಿ ನನ್ನ ಕ್ಷಮಿಸ್ತಿದ್ಯಾ?"

"ಕ್ಷಮಿಸ್ತಿರಲಿಲ್ಲ." ಐಕಾಂಡೆ ಅತ್ತ ತಿರುಗಿ ಮಲಗಿದಳು. "ಆದ್ರೂ ಹೇಳ್ಬೇಕಿತ್ತವ್ವ. ವಿಟೋಲ್ಡ್ ನನ್ನ ನಂಬ್ಕೊಂಡು ಬಂದಿದ್ದ. ನಾನು ಬಿದ್ದಿದ್ರೆ ಅವನೂ ಬೀಳ್ತಿದ್ದ."

ಎಲಿನಾಜ ಎದ್ದು ಹೋಗಿ, ಹೊತ್ತಿಸಬೇಕಾದ ಒಲೆ ಇಲ್ಲದಿದ್ದರೂ, ಕಡ್ಡಿ ಆಯತೊಡಗಿದಳು. ಈ ಬೆಟ್ಟದಲ್ಲಿ ಕಟ್ಟಿಗೆ ಆಯುವಂತಿಲ್ಲ. ಕಾವಲಿನವನು ಬಂದು ಗದರಿದ ಮೇಲೆ ಕೈಯಲ್ಲಿದ್ದದ್ದನ್ನೆಲ್ಲ ಅಲ್ಲೇ ಬಿಟ್ಟಳು.

ಕಿಲೆವೊ ನಡೆದದ್ದನ್ನು ನಡೆದಂತೆ ಕಂಪನಿಗೆ ಬರೆದ. ಕಂಪನಿಯವರು ಐಕಾಂಡೆಯನ್ನು ತೆಗೆದುಹಾಕಲಿಲ್ಲ, ಆರು ತಿಂಗಳು ಶಿಖರಕ್ಕೆ ಕಳಿಸಲಿಲ್ಲ, ಅಷ್ಟೆ. ತಾಯಿ ಮಗಳು ಒಂದೇ ತಂಡದಲ್ಲಿ ಇರಕೂಡದು ಎಂದೂ ತೀರ್ಮಾನವಾಯಿತು. ಕಿಲೆವೊ ಎಲಿನಾಜಳನ್ನು ಒಂದು ತಿಂಗಳು ಕೆಲಸಕ್ಕೂ ಕರೆಯಲಿಲ್ಲ, ಮುಖ ಕೊಟ್ಟು ಮಾತೂ ಆಡಲಿಲ್ಲ. ಆಮೇಲೆ ಒಂದು ದಿನ ಅವಳ ಮನೆಯ ಬಾಳೆತೋಟಕ್ಕೆ ಬಂದು, ಬಾಳೆಹಣ್ಣಿನ ಹೆಂಡದ ಸೋರೆಬುರುಡೆ ಕೈಗೆ ಕೊಟ್ಟರೂ ಕುಡಿಯದೆ ನಿಂತು, "ಹೊಸ ಅಡುಗೆಯವನಿಗೆ ಉಪ್ಪು ಹುಳಿ ಗೊತ್ತಿಲ್ಲ. ಸೋಮವಾರ ಬಾ" ಎಂದು ಹೇಳಿ ಹೋದ.

ಈಗ ಐಕಾಂಡೆ ಬೆಟ್ಟದ ಇನ್ನೊಂದು ಮಗ್ಗುಲಿನ ರೊಂಗೈ ಕಡೆಯಿಂದ ಹತ್ತುತ್ತಾಳೆ. ಶಿಖರ ಕಂಡದ್ದು ಹನ್ನೊಂದು ಸಲ. ಮಗಳು ಬೆಟ್ಟದಲ್ಲಿರುವ ದಿನ ಎಲಿನಾಜ ಮನೆಯಲ್ಲಿದ್ದರೆ ನೆರೆಯವರಿಗೂ ನೆಮ್ಮದಿ ಇಲ್ಲ. ಮೋಡ ಸರಿದು ಕಿಬೋ ಕಾಣುವ ಬೇಲಿಯ ಮೂಲೆಗೆ ದಿನಕ್ಕೆ ಹತ್ತು ಸಲ ಹೋಗಿ ಬರುತ್ತಾಳೆ.

ಹೋದ ವಾರ ಇಬ್ಬರಿಗೂ ಒಂದೇ ದಿನ ಕೆಲಸ ಬಿತ್ತು. ಮೋಶಿ ನಿಲ್ದಾಣದಲ್ಲಿ ಎರಡು ವ್ಯಾನು ಅಕ್ಕಪಕ್ಕ ನಿಂತಿದ್ದವು. ಐಕಾಂಡೆ ತನ್ನ ಅತಿಥಿಗಳ ಚೀಲಗಳನ್ನು ಮೇಲೆ ಕಟ್ಟಿಸುತ್ತಿದ್ದಳು.

"ಗೈಡಮ್ಮ, ತಲೆ ನೋವು ಬಂದ್ರೆ?" ಎಂದು ಎಲಿನಾಜ ಕಿಟಕಿಯಿಂದ ಕೇಳಿದಳು.

"ಇಳೀತೀನಿ. ಜೋರಾಗಿ ಕೂಗ್ಬೇಡ, ಗೆಸ್ಟುಗಳು ನೋಡ್ತಾವ್ರೆ."

"ಖಂಡಿತ?"

"ಖಂಡಿತ ಅವ್ವ. ಹೋದ ತಿಂಗಳು ಇಳಿಲಿಲ್ವಾ? ತಲೆ ಒಳಗೆ ಹಾಕು, ಗಾಡಿ ಹೊರಡ್ತಾ ಇದೆ."

ಅವ್ವನ ವ್ಯಾನು ಹೊರಟಿತು. ಎಲಿನಾಜ ಮಗಳನ್ನು ನೋಡಲು ಹಿಂದಿನ ಗಾಜಿನ ಕಡೆಗೆ ತಿರುಗಿದಳು. ಅಷ್ಟರಲ್ಲಿ ಜೋಳದ ಮೂಟೆ ತುಂಬಿದ ಲಾರಿಯೊಂದು ನಡುವೆ ಬಂತು. ಲಾರಿ ಸರಿಯುವವರೆಗೂ ಅವಳು ಸೀಟಿನ ಮೇಲೆ ಮೊಣಕಾಲೂರಿಕೊಂಡೇ ಇದ್ದಳು.