ಬರಾಕಾನಿಗೆ ಕೇಳಿಸಿದ ಸೈರನ್

ದೆವ್ವದ ಕಥೆ ಹೇಳಿಕೊಂಡು ಕೂರುವವರನ್ನು ನಾನು ಶಿಫ್ಟ್ ಸೂಪರ್‌ವೈಸರ್ ಆಗಿದ್ದಾಗ ಬೇರೆ ಬೇರೆ ಮೆಷಿನ್ನಿಗೆ ಹಾಕುತ್ತಿದ್ದೆ. ಕೆಲಸ ಕಡಿಮೆ ಇರುವ ಕಡೆ ಮಾತ್ರ ದೆವ್ವ ಬರುತ್ತದೆ ಎಂಬುದು ಆಗಿನ ನನ್ನ ನಂಬಿಕೆ. ಈಗಲೂ ಬಹುಮಟ್ಟಿಗೆ ಅದೇ. ಆದರೆ ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಪೀಣ್ಯದ ನಮ್ಮ ರಸ್ತೆಯಲ್ಲಿ ನಡೆದ ಒಂದು ಸಂಗತಿ ಆ ಲೆಕ್ಕಕ್ಕೆ ಸಿಗುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಮ್ಮ ಮನೆಯ ಮಹಡಿಯ ಮೇಲಿನ ಕೋಣೆಗೆ ಬರಾಕಾ ಎಂಬ ಯುವಕ ಬಾಡಿಗೆಗೆ ಬಂದ. ಟಾಂಜಾನಿಯಾದವನು. ಇಲ್ಲಿನ ಕಾಲೇಜೊಂದರಲ್ಲಿ ಫಾರ್ಮಸಿ ಓದುತ್ತಿದ್ದ, ಕನ್ನಡವನ್ನೂ ಕಲಿತಿದ್ದ. ನಮ್ಮವರು ಓದಲು ಪರದೇಶಕ್ಕೆ ಹೋಗುವುದನ್ನು ಕೇಳಿದ್ದೆ. ಪೀಣ್ಯವೇ ಪರದೇಶವಾಗಿ ಇಲ್ಲಿಗೆ ಓದಲು ಬರುವವರೂ ಇದ್ದಾರೆಂದು ತಿಳಿದದ್ದು ಅವನಿಂದ. ನಮ್ಮ ರಸ್ತೆಯ ಬೇರೆ ಮನೆಗಳಲ್ಲಿ ಅವನ ಬಣ್ಣ ನೋಡಿಯೇ ಕೋಣೆ ಖಾಲಿ ಇಲ್ಲ ಎಂದಿದ್ದರು. ನಾನು ಹಾಕಿದ ಷರತ್ತು ಒಂದೇ: ಆರು ಗಂಟೆಗೆ ಏಳಬೇಕು.

ಅದು ಅವನಿಗೂ ಬೇಕಾಗಿತ್ತು. ಹಿಂದಿನ ವರ್ಷ ದಿನವೂ ತಡವಾಗಿ ಹೋಗಿ ಹಾಜರಿ ಸಾಲದೆ ಅವನನ್ನು ಪರೀಕ್ಷೆಗೆ ಕೂರಲು ಬಿಟ್ಟಿರಲಿಲ್ಲ. ಈ ವರ್ಷವೂ ತಪ್ಪಿದರೆ ಕಾಲೇಜಿನಿಂದ ಹೆಸರು ತೆಗೆಯುತ್ತಾರೆ, ವೀಸಾ ಮುಗಿಯುತ್ತದೆ, ಊರಿಗೆ ವಾಪಸ್. ಇವನು ಓದಲೆಂದು ಅವನ ಅಕ್ಕ ತನ್ನ ಓದು ಬಿಟ್ಟಿದ್ದಳು. ಬರಿಗೈಯಲ್ಲಿ ಅವಳ ಮುಂದೆ ಹೋಗಿ ನಿಲ್ಲುವುದನ್ನು ನೆನೆದರೇ ಅವನ ಮುಖ ಸಣ್ಣದಾಗುತ್ತಿತ್ತು.

ಮೊದಮೊದಲು ನಾನೇ ಬಾಗಿಲು ಬಡಿದು ಎಬ್ಬಿಸಬೇಕಿತ್ತು. ಒಂದು ದಿನ ನಾನು ಮೆಟ್ಟಿಲು ಹತ್ತುವ ಮೊದಲೇ ಸ್ನಾನ ಮಾಡಿ ಇಳಿದು ಬಂದ.

"ಫ್ಯಾಕ್ಟರಿ ಕೂಗ್ತು ಅಂಕಲ್. ಎದ್ಬಿಟ್ಟೆ."

"ಯಾವ ಫ್ಯಾಕ್ಟರಿನೋ?"

ರಸ್ತೆಯ ಕೊನೆಯ ಅಪಾರ್ಟ್‌ಮೆಂಟಿನ ಕಡೆ ಕೈ ತೋರಿಸಿದ. "ಅಲ್ಲಿ. ಉದ್ದ ಕೂಗುತ್ತೆ. ಕೊನೇಲಿ ಅಜ್ಜ ಕೆಮ್ಮಿದ ಹಾಗೆ ಕೆಮ್ಮುತ್ತೆ."

ಆ ಅಪಾರ್ಟ್‌ಮೆಂಟ್ ಇರುವ ಜಾಗದಲ್ಲಿ ಮೊದಲು ಇದ್ದದ್ದು ನಾನು ದುಡಿದ ಕಾರ್ಖಾನೆ. ಅದನ್ನು ಮುಚ್ಚಿ, ನಮ್ಮನ್ನು ಮನೆಗೆ ಕಳಿಸಿ, ನೆಲ ಮಾರಿ ಎಷ್ಟೋ ವರ್ಷವಾಗಿತ್ತು. ಆ ಸೈರನ್ನು ಕೊನೆಯಲ್ಲಿ ಕೆಮ್ಮುತ್ತಿದ್ದದ್ದು ಅಲ್ಲಿ ದುಡಿದವರಿಗೆಲ್ಲ ಗೊತ್ತು. ಆದರೆ ನಮ್ಮ ರಸ್ತೆಯಲ್ಲಿ ಅಂಥವರು ನನ್ನ ಹೊರತು ಯಾರೂ ಉಳಿದಿರಲಿಲ್ಲ. ನಾನು ಅವನಿಗೆ ಹೇಳಿರಲಿಲ್ಲ.

ಸೈರನ್ ಸುದ್ದಿ ಕೇಳಿದ ಟೀ ಅಂಗಡಿಯ ಗೌರಮ್ಮ ಅವನನ್ನು ರೇಗಿಸುತ್ತಿದ್ದಳು. "ಏನ್ ಮಗಾ, ನಿಮ್ ಓನರ್ ತಾತನ ಜೊತೆ ಸೇರಿ ನಿಂಗೂ ತಲೆ ಕೆಡ್ತಾ?"

"ನಿಂಗೆ ಹೆಂಗೆ ಕೇಳ್ಸುತ್ತೆ ಅಕ್ಕ? ನಿನ್ ಬಾಯಿ ಸೌಂಡ್ ಜಾಸ್ತಿ."

ಒಂದು ದಿನ ಆರು ಗಂಟೆಗೆ ಅವನ ಜೊತೆ ಮಹಡಿಯ ಮೇಲೆ ನಿಂತೆ. "ಈಗ" ಎಂದು ಬೆರಳೆತ್ತಿದ. ಅವನ ಕಣ್ಣು ಏನನ್ನೋ ಹಿಂಬಾಲಿಸುತ್ತಿತ್ತು. ನನಗೆ ಕೇಳಿಸಿದ್ದು ಪಕ್ಕದ ಮನೆಯ ಕುಕ್ಕರು, ಮುಖ್ಯ ರಸ್ತೆಯ ಲಾರಿ. ಅಷ್ಟೇ.

ಸೈರನ್ನಿನ ನಿಯಮ ಏನೆಂದು ಅವನು ಕೇಳಿದ, ಹೇಳಿದೆ. ಒಂದು ಉದ್ದ ಕೂಗಿದರೆ ಶಿಫ್ಟ್ ಶುರು. ಮೂರು ಗಿಡ್ಡ ಕೂಗಿದರೆ ಅಪಾಯ. ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಗೇಟಿಗೆ ಓಡಬೇಕು. ನಮ್ಮ ಪೈಕಿ ಯಾರಿಲ್ಲ ಎಂದು ನೋಡಬೇಕು. ಆ ಮನುಷ್ಯ ಸಿಗುವವರೆಗೆ ಯಾರೂ ಕದಲಬಾರದು. ಇಷ್ಟನ್ನು ಮಾತ್ರ ಹೇಳಿದೆ. ನನ್ನ ಜೊತೆ ದುಡಿಯುತ್ತಿದ್ದ ಸಿಂದಗಿಯ ಬಸಪ್ಪ ಆಸಿಡ್ ತೊಟ್ಟಿ ತೊಳೆಯಲು ಇಳಿದು ಒಳಗೇ ಬಿದ್ದು ಸತ್ತದ್ದನ್ನು ಹೇಳಲಿಲ್ಲ. ಅವತ್ತು ಮಾಲು ಹೊರಡಬೇಕಾಗಿತ್ತು, ಕೆಲಸ ನಿಲ್ಲಬಾರದೆಂದು ಮೇಲಿನವರು ಸೈರನ್ ಹಾಕಿಸಲಿಲ್ಲ. ನನ್ನ ಇಡೀ ಸರ್ವೀಸಿನಲ್ಲಿ ಅದು ಮೂರು ಸಲ ಕೂಗಲೇಬೇಕಾಗಿದ್ದ ದಿನ ಅದೊಂದೇ. ಅವತ್ತೇ ಕೂಗಲಿಲ್ಲ.

ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯ ಬೆಳಗ್ಗೆ ಬರಾಕಾ ಇಸ್ತ್ರಿ ಮಾಡಿದ ಬಿಳಿ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಹೊರಟ. ಗೇಟಿನ ಬಳಿ ತಟ್ಟನೆ ನಿಂತ.

"ಅಂಕಲ್! ಮೂರು!"

ಚೀಲ, ಕೋಟು ಎರಡನ್ನೂ ಅಲ್ಲೇ ಬಿಟ್ಟು ಅಪಾರ್ಟ್‌ಮೆಂಟಿನ ಕಡೆ ಓಡಿದ. ನಾನು ಅವೆರಡನ್ನೂ ಎತ್ತಿಕೊಂಡು ಹಿಂದೆಯೇ ಹೋದೆ. "ಪರೀಕ್ಷೆ ಕಣೋ! ಬಸ್ ಹೋಗುತ್ತೆ!" ಎಂದು ಕೂಗಿದರೂ ತಿರುಗಲಿಲ್ಲ.

ನಾನು ತಲುಪುವಷ್ಟರಲ್ಲಿ ಕಾವಲುಗಾರರು ಅವನ ಕಾಲರ್ ಹಿಡಿದಿದ್ದರು. "ಒಳಗೆ ಯಾರೋ ಇದಾರೆ, ಕೆಳಗೆ. ನೋಡಿ ಅಣ್ಣ, ಬೇಗ ನೋಡಿ" ಎನ್ನುತ್ತಿದ್ದ.

"ಯಾರ್ ಹೇಳಿದ್ದು ನಿಂಗೆ?"

"ಸೈರನ್ ಆಯ್ತು."

"ಬೆಳ್ಬೆಳಗ್ಗೆನೇ ಎಣ್ಣೆ ಹಾಕ್ಕೊಂಡ್ ಬಂದಿದಾನೆ ಗುರು" ಎಂದು ಒಬ್ಬ ನಕ್ಕ. ಅವರ ಮೇಲಿನವನು ನನ್ನ ಕಡೆ ತಿರುಗಿ ಮರ್ಯಾದೆಯಿಂದಲೇ ಕೇಳಿದ. "ಸಾರ್, ನೀವು ಹಿರಿಯರು, ನೀವು ಹೇಳಿ. ನಿಮಗೇನಾದ್ರೂ ಕೇಳಿಸ್ತಾ?"

ಬರಾಕಾ ನನ್ನ ಮುಖ ನೋಡಿದ. ಕಾಣದ್ದನ್ನು ಕಂಡೆ ಎಂದು ನಾನು ಸರ್ವೀಸಿನಲ್ಲಿ ಒಂದು ದಿನವೂ ಸಹಿ ಹಾಕಿದವನಲ್ಲ.

"ಇಲ್ಲ" ಎಂದೆ. "ಆದರೂ ಒಂದ್ಸಲ ಒಳಗೆ ನೋಡಿ" ಎಂದೂ ಸೇರಿಸಿದೆ. ಅವರು ಕಿವಿಗೆ ಹಾಕಿಕೊಂಡದ್ದು ಮೊದಲನೆಯದನ್ನು ಮಾತ್ರ.

ಅವನನ್ನು ಗೇಟಿನ ಪಕ್ಕದ ಕೋಣೆಯಲ್ಲಿ ಕೂರಿಸಿ ಪೊಲೀಸರಿಗೆ ಫೋನ್ ಮಾಡಿದರು. ಅವರು ಬರುವುದನ್ನು ಕಾಯುತ್ತಲೇ ಪರೀಕ್ಷೆಯ ಹೊತ್ತು ಕಳೆದುಹೋಯಿತು. ಮಧ್ಯಾಹ್ನದ ಹೊತ್ತಿಗೆ ಹೆಂಗಸೊಬ್ಬಳು ಬುತ್ತಿ ಹಿಡಿದು ಬಂದು, ಕೊಳಚೆ ನೀರಿನ ತೊಟ್ಟಿ ತೊಳೆಯಲು ಬಂದ ತನ್ನ ಗಂಡ ಎಲ್ಲಿ ಎಂದು ಕೇಳಿದಳು. ಆಗ ಹುಡುಕಿದರು. ತೊಟ್ಟಿಯೊಳಗಿನ ವಿಷಗಾಳಿ ಅವನನ್ನು ಮುಗಿಸಿತ್ತು. ಅವನು ಇಳಿದದ್ದು ಬರಾಕಾ ಓಡಿ ಬಂದ ಹೊತ್ತಿಗೇ ಎಂದು ಆಮೇಲೆ ತಿಳಿಯಿತು. ಆ ತೊಟ್ಟಿ ಇರುವುದು ನಮ್ಮ ಹಳೆಯ ಆಸಿಡ್ ತೊಟ್ಟಿ ಇದ್ದ ಜಾಗದಲ್ಲಿ. ಪಕ್ಕದ ಮಳೆಮರವನ್ನು ಅವರು ಕಡಿದಿರಲಿಲ್ಲ, ಅದರಿಂದ ಗುರುತು ಹಿಡಿದೆ.

ಹೆಣ ಸಿಕ್ಕಿದ ಮೇಲೆ ಪ್ರಶ್ನೆ ಬದಲಾಯಿತು. ಒಳಗೆ ಮನುಷ್ಯ ಇದ್ದಾನೆಂದು ನಿನಗೆ ಹೇಗೆ ಗೊತ್ತು? ಸಂಜೆಯವರೆಗೂ ಬರಾಕಾನನ್ನು ಠಾಣೆಯಲ್ಲಿ ಅದನ್ನೇ ಕೇಳಿದರು. ಸತ್ತವನನ್ನು ಯಾವ ರಕ್ಷಣೆಯೂ ಇಲ್ಲದೆ ತೊಟ್ಟಿಗೆ ಬರಿ ಮೈಯಲ್ಲಿ ಇಳಿಸಿದವರು ಯಾರು ಎಂದು ಯಾರೂ ಅಷ್ಟು ಹೊತ್ತು ಕೇಳಿದಂತಿಲ್ಲ. ಆ ಹೆಣ್ಣುಮಗಳನ್ನು ಊರಿನ ಬಸ್ಸು ಹತ್ತಿಸಿ ವಿಷಯ ಮುಗಿಸಿದರು.

ಮಾರನೆಯ ದಿನ ನಾನೇ ಕಾಲೇಜಿಗೆ ಹೋಗಿ ಅವನ ಪರವಾಗಿ ಮಾತಾಡಿದೆ. ಪ್ರಿನ್ಸಿಪಾಲರು ಎಲ್ಲವನ್ನೂ ಕೇಳಿಸಿಕೊಂಡರು. "ಇಲ್ಲದ ಸೈರನ್ ಕೇಳಿಸ್ತು, ಅದಕ್ಕೆ ಪರೀಕ್ಷೆಗೆ ಬರಲಿಲ್ಲ ಅಂತ ಬರ್ಕೊಳ್ಳಲಾ ಸಾರ್?" ಎಂದರು. ನಿಯಮ ಎಂದರೆ ನಿಯಮ. ನಾನೂ ಜೀವನವಿಡೀ ಅದನ್ನೇ ಹೇಳಿದವನು, ಎದ್ದು ಬಂದೆ.

ಬರಾಕಾ ಊರಿಗೆ ಹೊರಟ ದಿನ ಟ್ಯಾಕ್ಸಿಗೆ ಪೆಟ್ಟಿಗೆ ಹಾಕಿ, ನನ್ನ ಬಳಿ ಬಂದು ನಿಂತ.

"ಅಂಕಲ್, ನಿಜವಾಗ್ಲೂ ಕೇಳಿಸ್ಲಿಲ್ವಾ?"

"ಇಲ್ಲಪ್ಪ."

ತಲೆಯಾಡಿಸಿದ. ನಂಬಿದನೋ ಇಲ್ಲವೋ ತಿಳಿಯದು.

ಬಸಪ್ಪನಿಗಾಗಿ ಕೂಗದ ಸೈರನ್ ಯಾರೋ ಗುರುತಿಲ್ಲದ ಕೂಲಿಯವನಿಗಾಗಿ ಯಾಕೆ ಕೂಗಿತು? ಕೂಗಿದರೂ, ಯಾವ ಗೇಟಿನಲ್ಲೂ ಯಾರೂ ಮಾತು ನಂಬದ ಪರದೇಶದ ಹುಡುಗನಿಗೇ ಯಾಕೆ ಕೇಳಿಸಿತು? ಅವತ್ತು ಅವರು ಕೇಳಿದ್ದು ನನ್ನ ಮಾತನ್ನು. ಆಯುಸ್ಸೆಲ್ಲ ಅದರ ಕೂಗಿಗೆ ಎದ್ದು, ಅದರ ಕೂಗಿಗೆ ಉಂಡ ನನಗೆ ಅದರ ಕೆಮ್ಮು ಕೂಡ ಕೇಳಿಸಲಿಲ್ಲ.

ಈಗಲೂ ದಿನಾ ಆರು ಗಂಟೆಗೆ ಮಹಡಿಯ ಮೇಲೆ ನಿಲ್ಲುತ್ತೇನೆ. ಕುಕ್ಕರು ಕೂಗುತ್ತದೆ, ಲಾರಿ ಹೋಗುತ್ತದೆ. ಕಿವಿಯ ಡಾಕ್ಟರಿಗೂ ತೋರಿಸಿಕೊಂಡು ಬಂದೆ. ಕಿವಿಯಲ್ಲಿ ಯಾವ ದೋಷವೂ ಇಲ್ಲವಂತೆ.