ಕಂಕುಬಾ ಗೋಧಿಯ ಕೆಳಗಿನ ಊರು

೨೦೦೩ರ ಉತ್ತರಾಯಣದ ಬೆಳಿಗ್ಗೆ ವಡೋದರಾದ ನಮ್ಮ ಗೋರ್ವಾ ಬಡಾವಣೆ ಪೂರ್ತಿ ಹಬ್ಬದ ಗಾಳಿಪಟ ಹಾರಿಸಲು ತಾರಸಿ ಹತ್ತಿತ್ತು. ನಾನು ಮಾತ್ರ ನಾಲ್ಕಡಿಯ ಗಾಳಿಪಟ ಅವಚಿಕೊಂಡು ಪಾದ್ರಾ ಬಸ್ಸು ಹತ್ತಿದೆ. ನಾನಿಲ್ಲದ ಗೋರ್ವಾದ ಆಕಾಶ ಅಂದು ಅನಾಥವಾಗಿತ್ತು. ಜೊತೆಗೆ ವಸುಧಾ ಚಿಕ್ಕಮ್ಮ. ಧಾರವಾಡದಿಂದ ಬಂದು ನಮ್ಮ ಮನೆಯಲ್ಲಿದ್ದುಕೊಂಡು ಪುರಾತತ್ವದಲ್ಲಿ ಸಂಶೋಧನೆ ಮಾಡುತ್ತಿದ್ದಳು.

ಪಾದ್ರಾದಿಂದ ಛಕಡೋ ಹಿಡಿದೆವು. ಮುಂದೆ ಬೈಕು, ಹಿಂದೆ ತೊಟ್ಟಿ ಇರುವ ಮೂರು ಗಾಲಿಯ ಗಾಡಿ. ತಲೆಗೆ ಐದು ರೂಪಾಯಿ. ಒಳಗೆ ಅರ್ಧ ಗುಜರಾತು, ಎರಡು ಮೇಕೆ, ನನ್ನ ತೊಡೆಯ ಮೇಲೆ ಯಾರದೋ ಹೊಲಿಗೆ ಯಂತ್ರ.

ಕಂಕುಬಾ ಎಂಬ ಅಜ್ಜಿಯ ಹೊಲದಲ್ಲಿ, ಬಾಡಿದ ಗೋಧಿಯ ನಡುವೆ ಹಸಿರು ಪಟ್ಟಿಯೊಂದು ಬಾಗಿ ಹೋಗಿದ್ದನ್ನು ಚಿಕ್ಕಮ್ಮ ಹಿಂದಿನ ವಾರ ಕಂಡಿದ್ದಳು.

"ಕೆಳಗ ಸಾವಿರಾರು ವರ್ಷದ ಕಂದಕ ಮುಚ್ಚಿಕೊಂಡೈತೋ. ಅಲ್ಲಿ ಮಣ್ಣು ಆಳ, ತೇವ ಹಿಡದಿರ್ತೈತಿ, ಪೈರು ಬಾಡೂದಿಲ್ಲ. ಕಂದಕ ಊರಿನ ಸುತ್ತ ಇದ್ರ, ಮ್ಯಾಲಿಂದ ದುಂಡನ ಕೈಬಳಿ ಕಂಡಂಗ ಕಾಣಬೇಕು."

"ಮುಂದಿನ ವಾರ ನೋಡಿದ್ರಾಗಲ್ವಾ? ಇವತ್ತು ಹಬ್ಬ!"

"ನಾಳೆ ಕಾಲುವಿ ನೀರು ಬಿಡ್ತಾರ. ಹೊಲಾ ಪೂರಾ ಹಸಿರಾತಂದ್ರ ಬಳೀನೂ ಇಲ್ಲ, ನನ್ನ ಥೀಸಿಸ್ಸೂ ಇಲ್ಲ. ಫೋಟೋ ಇಲ್ದ ನಮ್ಮ ಗೈಡ್ ನಂಬೂದಿಲ್ಲ."

ವಿಮಾನ ತರಿಸುವಷ್ಟು ದುಡ್ಡು ಅವಳಲ್ಲಿರಲಿಲ್ಲ. ನಾನಿದ್ದೆ.

ಹೊಲದ ಅಂಚಿನಲ್ಲಿ ನಿಂತು ಪಟಕ್ಕೆ ಹಗುರವಾದ ಪ್ಲಾಸ್ಟಿಕ್ ಕ್ಯಾಮೆರಾ ಕಟ್ಟಿದೆವು. ಗುಂಡಿ ಒತ್ತಲು ರಬ್ಬರ್ ಬ್ಯಾಂಡು, ಅದನ್ನು ತಡೆದು ಹಿಡಿಯಲು ಒಂದು ದಾರ, ದಾರ ಸುಡಲು ಊದುಬತ್ತಿ. ಬತ್ತಿ ದಾರ ಮುಟ್ಟಿದರೆ ಕ್ಲಿಕ್. ಒಂದೇ ಫೋಟೋ. ರಾಕೆಟ್ ಬಿಡುವವರು ನೋಡಿದ್ದರೆ ನನ್ನನ್ನು ಅಲ್ಲಿಂದಲೇ ಎತ್ತಿಕೊಂಡು ಹೋಗುತ್ತಿದ್ದರು.

ಪಟ ಘಮಘಮಿಸುತ್ತ ಮೇಲೇರಿತು. ಅಷ್ಟರಲ್ಲಿ ಹೊಲದಾಚೆಯ ಮನೆಯ ಮಾಳಿಗೆಯಿಂದ ಗುಲಾಬಿ ಪಟವೊಂದು ಎದ್ದು ಬಂತು. ಹಾರಿಸುತ್ತಿದ್ದವಳು ಕೆಂಪು ಸೀರೆಯ ಕಂಕುಬಾ! ಗೋರ್ವಾದವನ ಎದುರು ಇನ್ನೊಂದು ಪಟ ಬಂದರೆ ಕೈ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

"ಏ ಭಾಡ್ಯಾ! ಪೇಚ್ ಹಾಕಬ್ಯಾಡೋ! ಕ್ಯಾಮೆರಾ ಐತಿ ಅದರಾಗ!"

ಅಷ್ಟರಲ್ಲಿ ಹಾಕಿಯಾಗಿತ್ತು. ದಾರಕ್ಕೆ ದಾರ ಉಜ್ಜಿತು, ನನ್ನ ಬೆರಳು ಹಗುರಾಯಿತು.

"ಏ ಕಾಪ್ಯೋ! ಕಾಪ್ಯೋ!" ಕತ್ತರಿಸಿದೆ ಎಂದು ಮಾಳಿಗೆಯ ಮೇಲೆ ಅಜ್ಜಿ ಕುಣಿದಳು.

ತುಂಡಾದ ಪಟ ಚಿಕ್ಕಮ್ಮನ ಥೀಸಿಸ್ ಹೊತ್ತು ಹೊಲದ ನಡುವಿಗೆ ತೇಲಿತು. ಕಂಕುಬಾ ತನ್ನ ಪಟವನ್ನು ಗಾಳಿಗೆ ಬಿಟ್ಟು, ಏಣಿಯಿಳಿದು, ಗೋಧಿ ತುಳಿಯುತ್ತ ಓಡಿದಳು. ನಾವೂ ಓಡಿದೆವು. ಅವಳೇ ಗೆದ್ದಳು.

"ಬಾ, ಪಾಛೋ ಆಪೋ ನೇ," ಅಜ್ಜೀ, ವಾಪಸ್ ಕೊಡಿ ಎಂದು ಅಂಗಲಾಚಿದೆ.

"ಲೂಟಿ ಹೊಡೆದ ಪಟ ಯಾರಾದರೂ ವಾಪಸ್ ಕೊಡ್ತಾರಾ, ಮಗಾ?" ಎಂದು ಗುಜರಾತಿಯಲ್ಲಿ ನಕ್ಕಳು. ಕೊನೆಗೆ ಚಿಕ್ಕಮ್ಮನ ಮುಖ ನೋಡಿ ಕ್ಯಾಮೆರಾ ಬಿಚ್ಚಿಕೊಟ್ಟಳು, ಇಬ್ಬರಿಗೂ ಊಂಧಿಯು ಎಂಬ ಹಬ್ಬದ ಪಲ್ಯ ಬಡಿಸಿದಳು. ಪಟ ಕೊಡಲಿಲ್ಲ. ಕ್ಯಾಮೆರಾದ ದಾರವೇನೋ ಸುಟ್ಟುಹೋಗಿತ್ತು, ಪಟ ಎಲ್ಲಿದ್ದಾಗ ಸುಟ್ಟಿತೆಂದು ಯಾರಿಗೆ ಗೊತ್ತು? ಮರಳುವ ದಾರಿಯಲ್ಲಿ ಚಿಕ್ಕಮ್ಮ ಕ್ಯಾಮೆರಾವನ್ನು ನನ್ನ ಕೈಗೆಟುಕದಂತೆ ಮಡಿಲಲ್ಲಿಟ್ಟುಕೊಂಡಳು.

ಎರಡು ದಿನ ಬಿಟ್ಟು ಗೋರ್ವಾದ ಸ್ಟುಡಿಯೋದಲ್ಲಿ ಫೋಟೋ ಕೈಗೆ ಬಂತು. ಚಿಕ್ಕಮ್ಮ ಕಿರುಚಿದಳು: "ಪೂರಾ ಬಳಿ ಐತಲೋ!"

ಪಟ ತುಂಡಾಗಿ ನಡುಹೊಲದ ಮೇಲೆ ತೇಲುವಾಗಲೇ ಕ್ಲಿಕ್ ಆಗಿತ್ತು. ಅಂಚಿನಿಂದ ತೆಗೆದಿದ್ದರೆ ಅರ್ಧವೇ ಬರುತ್ತಿತ್ತು. ಇದೆಲ್ಲ ನನ್ನ ಯೋಜನೆ ಎಂದು ಇಂದಿಗೂ ಹೇಳುತ್ತಿದ್ದೇನೆ. ಬಾಡಿದ ಗೋಧಿಯಲ್ಲಿ ದುಂಡನೆಯ ಕಡುಹಸಿರು ಬಳೆ. ಒಂದೇ ಕಡೆ ಬಿರುಕು, ಅದೇ ಊರ ಬಾಗಿಲು. ಆ ಬಾಗಿಲಲ್ಲಿ ಒಂದು ಕೆಂಪು ಚುಕ್ಕೆ. ಸಾವಿರಾರು ವರ್ಷಗಳ ಮೇಲೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೋಟೆಯೊಳಗೆ ಲೂಟಿಗೆ ನುಗ್ಗುತ್ತಿದ್ದಳು ಕಂಕುಬಾ.