ಬ್ಯಾರನ್ನಿಗೆ ಕಟ್ಟಿದ ಗಂಟೆ

ಬೆಳಿಗ್ಗೆ ಪತ್ರಿಕೆಯಲ್ಲಿ ಒಬ್ಬ ಸಂಶೋಧಕನ ಬಗ್ಗೆ ಓದುತ್ತಿದ್ದೆ. ಸಾಫ್ಟ್‌ವೇರಿಗೆ ಒಂದು ಪೇಟೆಂಟಂತೆ, ಛತ್ರಿಯ ಹಿಡಿಗೆ ಇನ್ನೊಂದು, ಕಳೆದ ಕನ್ನಡಕ ಹುಡುಕಿಕೊಡುವ ಒತ್ತುಗುಂಡಿಗೆ ಮತ್ತೊಂದು. ಕನ್ನಡಕ ಹಾಕಿಕೊಂಡೇ ಅದನ್ನು ಹುಡುಕುವ ನನಗೆ ಕೊನೆಯದು ಹಿಡಿಸಿತು. ಆದರೆ ‘ಪೇಟೆಂಟ್’ ಎಂಬ ಮಾತು ಕಂಡರೆ ನನ್ನ ಮೂಗಿಗೆ ಹೊಗೆಸೊಪ್ಪು ಬೇಯುವ ವಾಸನೆ ಬರುತ್ತದೆ. ಯಾಕೆಂದು ಹೇಳುತ್ತೇನೆ, ಕೇಳಿ.

ಅರವತ್ತರ ದಶಕದ ಕೊನೆ. ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಕಡೆಯ ಶಾಲೆಗೆ ಮೇಷ್ಟ್ರಾಗಿ ಹೋದ ನಾನು ಪುಟ್ಟಸ್ವಾಮಿಗೌಡರ ಮನೆಯ ಮುಂದಿನ ಕೋಣೆಯಲ್ಲಿದ್ದೆ. ಗೌಡರು ಬೇಸಾಯಗಾರರು, ಆದರೆ ಅವರ ಕೈ ಸುಮ್ಮನಿರದು. ಟಾರ್ಚಿಗೆ ಪಟ್ಟಿ ಹೊಲಿದು ತಲೆಗೆ ಕಟ್ಟಿಕೊಂಡು ಗದ್ದೆಗೆ ಹೋಗುತ್ತಿದ್ದರು. ಊರ ನಾಯಿಗಳು ಮಾತ್ರ ಅದನ್ನು ಕೊನೆಯವರೆಗೂ ಒಪ್ಪಲಿಲ್ಲ.

ಅವರ ದೊಡ್ಡ ಸಂಶೋಧನೆ ಬ್ಯಾರನ್ನಿನದು. ಬ್ಯಾರನ್ನೆಂದರೆ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ನೇತುಹಾಕಿ ಬೇಯಿಸುವ ಎತ್ತರದ ಮನೆ. ಹೊರಗಿನ ಒಲೆಯ ಬಿಸಿ ಕೊಳವೆಯಲ್ಲಿ ಒಳಗೆ ಹರಿಯುತ್ತದೆ. ಬಿಸಿ ಮೀರಿದರೆ ಸೊಪ್ಪು ಹತ್ತಿಕೊಳ್ಳುತ್ತದೆ. ಗೌಡರು ಜೇನುಮೇಣಕ್ಕೆ ರಾಳ ಬೆರೆಸಿ, ಒಂದು ದಾರದ ತುದಿಯನ್ನು ಅದರಿಂದ ಒಳಗೋಡೆಗೆ ಅಂಟಿಸಿದರು. ಬಿಸಿ ಹೆಚ್ಚಾದರೆ ಅಂಟು ಕರಗಿ, ದಾರ ಸಡಿಲಾಗಿ, ಹೊರಗೆ ತೂಗುಬಿಟ್ಟ ಕಲ್ಲು ಬಿದ್ದು, ಬಳುಕುವ ಬಿದಿರಿಗೆ ಕಟ್ಟಿದ ಗಂಟೆ ಬಹಳ ಹೊತ್ತು ಅಲುಗಾಡಬೇಕು. ಗಂಟೆಯನ್ನು ಜೋಡೆತ್ತಿನಲ್ಲಿ ಒಂದರ ಕೊರಳಿಂದ ಬಿಚ್ಚಿ ತಂದರು. ಮನೆಯಲ್ಲಿ ಅದಕ್ಕಿಂತ ಜೋರಾದದ್ದು ಇರಲಿಲ್ಲ. ಪೇಟೆಂಟಿಗೆ ಇಂಗ್ಲಿಷಿನಲ್ಲಿ ವಿವರ ಬರೆಯುವುದು ನನ್ನ ಪಾಲಿಗೆ ಬಂತು. ರಾಳಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ತಿಳಿಯದೆ ಅಲ್ಲೇ ನಿಂತಿದ್ದೆ.

ಒಂದು ಮಧ್ಯಾಹ್ನ ಗೌಡರು ಗಂಟೆಯ ಭರವಸೆಯ ಮೇಲೆ ಒಲೆ ತುಂಬ ಸೌದೆ ಹಾಕಿ, ನಕ್ಷೆ ಬರೆಯುವ ಕಾಗದ ತರಲು ಹುಣಸೂರಿನ ಬಸ್ಸು ಹತ್ತಿದರು. ನಾನು ಜಗಲಿಯಲ್ಲಿದ್ದೆ. ಕೊಟ್ಟಿಗೆಯ ಕಡೆಯಿಂದ ಗಂಟೆ ಕೇಳಿತು. ಗೌಡರ ಹೆಂಡತಿ ಸಣ್ಣಮ್ಮ ಮೊರ ಕೆಳಗಿಟ್ಟು, “ಎತ್ತು ಅಗ್ಗ ಕಿತ್ಕೊಂಡ್ವು ಕಣ್ರೀ ಮೇಷ್ಟ್ರೇ, ಬನ್ನಿ!” ಎಂದು ಓಡಿದರು. ನಾನೂ ಓಡಿದೆ. ಎತ್ತುಗಳು ಮಲಗಿ ಮೆಲುಕು ಹಾಕುತ್ತಿದ್ದವು.

“ಕಟ್ಟಿದಂಗೇ ಅವೆ!” ಎಂದು ಅವರು ಗೂಟ ಅಲುಗಿಸಿ ನೋಡಿದರು. ಗಂಟೆ ಇನ್ನೂ ಕೇಳುತ್ತಿತ್ತು. ಆಗ ನಾವು ಮುಖ ಮುಖ ನೋಡಿಕೊಂಡೆವು. ತಿರುಗಿದಾಗ ನನಗೆ ಮೊದಲು ಕಂಡದ್ದು ಬೆಂಕಿಯಲ್ಲ. ಕೊಟ್ಟಿಗೆಯ ಹಿಂದಿನ ಬ್ಯಾರನ್ನಿನ ಹಂಚಿನ ಮೇಲೆ ಗಾಳಿ ನೀರಿನಂತೆ ನಡುಗುತ್ತಿತ್ತು. ಆಮೇಲೆ ಹಂಚುಗಳು ಸಿಡಿಯತೊಡಗಿದವು. ಆ ಸದ್ದಿಗೆ ಈಗಲೂ ನಿದ್ದೆಯಲ್ಲಿ ಬೆಚ್ಚುತ್ತೇನೆ.

ಊರೆಲ್ಲ ಕೊಡ ಹಿಡಿದು ಬಂದರೂ ಒಂದೆಲೆಯೂ ಉಳಿಯಲಿಲ್ಲ. ಸಂಜೆ ಗೌಡರು ಕಾಗದದ ಸುರುಳಿ ಹಿಡಿದು ಬಂದು ಬೂದಿಯ ಮುಂದೆ ನಿಂತರು.

“ಗಂಟೆ ಬಾರಿಸ್ತಾ?”

“ಬಾರಿಸ್ತು,” ಎಂದರು ಸಣ್ಣಮ್ಮ.

ಗೌಡರ ಮುಖದಲ್ಲಿ ಒಂದು ಗಳಿಗೆ ಸಂತೋಷ ಹೊಳೆದದ್ದನ್ನು ನಾನು ಕಣ್ಣಾರೆ ಕಂಡೆ.

“ಎತ್ತಿನ ಗಂಟೆ ಬಾರಿಸ್ತು, ನಾನು ಎತ್ತಿನ ತಾವ್ಕೆ ಓಡ್ದೆ. ಆ ಕಲ್ಲು ಎಂಗೂ ಬೀಳ್ತದಲ್ಲ, ನನ್ನ ಯಾಕೆ ಕೂಗ್ಬೇಕು? ತಾನೇ ಒಲೆ ಬಾಯಿ ಮುಚ್ಬಾರ್ದಾ?”

ಗೌಡರು ಕಾಗದದ ಸುರುಳಿ ಬಿಚ್ಚಿ ಬೂದಿಯ ಪಕ್ಕದಲ್ಲೇ ಕೂತರು.

ಮುಂದಿನ ಬೆಳೆಗೆ ಹೊಸ ಬ್ಯಾರನ್ನು ಎದ್ದಿತು. ಕಲ್ಲು ಬಿದ್ದರೆ ತಗಡೊಂದು ಜಾರಿ ಒಲೆಯ ಬಾಯಿ ಮುಚ್ಚುತ್ತಿತ್ತು. “ಅರ್ಜೀಲಿ ಇವಳ ಹೆಸ್ರೂ ಹಾಕಿ ಮೇಷ್ಟ್ರೇ,” ಎಂದರು ಗೌಡರು. “ನನ್ನೆಸ್ರು ಆಮೇಕೆ. ಮದ್ಲು ಸೊಪ್ಪು ಬೇಯ್ಲಿ,” ಎಂದರು ಸಣ್ಣಮ್ಮ.

ಒಂದು ಬೆಳಿಗ್ಗೆ ನೋಡಿದರೆ ತಗಡು ಬಿದ್ದಿತ್ತು, ಒಲೆ ಆರಿತ್ತು, ಸೊಪ್ಪು ಹೊನ್ನಿನ ಬಣ್ಣಕ್ಕೆ ತಿರುಗಿ ತಣ್ಣಗೆ ನೇತಾಡುತ್ತಿತ್ತು. ಗೌಡರು ಪೆಚ್ಚಾದರು. “ಯಾರ್ಗೂ ಗೊತ್ತೇ ಆಗ್ನಿಲ್ವಲ್ಲ ಕಣಮ್ಮಿ! ಇದ್ನ ಇನ್ ಯಾರ್ಗ್ ತೋರ್ಸನ?”

“ಸೊಪ್ಪು ತೋರ್ಸಿ ಬುಡಿ!”

ಎರಡೂ ಹೆಸರು ಬರೆದು ಅರ್ಜಿಯನ್ನು ಅಂಚೆಗೆ ಹಾಕಿದೆ. ಉತ್ತರ ಬರುವ ಮೊದಲೇ ನನಗೆ ವರ್ಗವಾಯಿತು.

ಮೊನ್ನೆ ಮಗಳು ನನ್ನ ಕೈಗೆ ಹೊಸ ಗಡಿಯಾರ ಕಟ್ಟಿದಳು. ನಾನು ಬಿದ್ದರೆ ಅವಳ ಫೋನು ಸದ್ದು ಮಾಡುತ್ತದಂತೆ. ಇವತ್ತು ಪತ್ರಿಕೆ ಮಡಿಸಿಟ್ಟು ಅವಳನ್ನು ಕರೆದು, ಆ ಸದ್ದು ಹೇಗಿದೆ ಕೇಳಿಸು ಎಂದೆ. ಅವಳು ಫೋನು ಒತ್ತಿ ನೋಡಿ ಹುಬ್ಬು ಗಂಟಿಕ್ಕಿದಳು.

“ಗ್ಯಾಸ್ ಬುಕ್ ಆದ್ರೂ ಇದೇ ಸದ್ದು ಬರುತ್ತೆ ಕಣಪ್ಪ.”

ಇಬ್ಬರೂ ಪಕ್ಕಪಕ್ಕ ಕೂತು ಬೇರೊಂದು ಸದ್ದು ಹುಡುಕತೊಡಗಿದೆವು.